ಕಾರಹುಣ್ಣಿಮೆಗೆ ಮೊದಲೇ ಬಂದ ಪಂಚಮಿ

"ಸಣ್ಣಪುಟ್ಟ ದೋಷಗಳನ್ನು ಸರಿಪಡಿಸಲಾಗಿದೆ." ನನ್ನ ಬದುಕಿನಲ್ಲಿ ಅತಿ ಹೆಚ್ಚು ಸಲ ಬರೆದ ಕನ್ನಡ ವಾಕ್ಯ ಇದೇ. ಯಾವ ದೋಷ, ಯಾರು ಮಾಡಿದ್ದು, ಅದರಿಂದ ಯಾರಿಗೆ ಏನಾಯಿತು, ಇದರಲ್ಲಿ ಒಂದೂ ಇಲ್ಲ. ಆದರೂ ಓದಿದವರಿಗೆ ಏನೋ ತಿಳಿದ ಹಾಗಾಗುತ್ತದೆ. ಮೊದಲ ಸಲ ಬರೆದ ದಿನ ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡಿದ್ದೆ. ಆಮೇಲಾಮೇಲೆ ಆ ವಾಕ್ಯದ ಮುಖ ಕಂಡರೆ ಮೈ ಉರಿಯುತ್ತಿತ್ತು.

ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದ ಕಾಲ. ಬನಾರಸಿನ ಕಂಟೋನ್ಮೆಂಟಿನಲ್ಲಿ, ಒಂದು ಹೋಟೆಲಿನ ಮೇಲಿನ ಮಹಡಿಯಲ್ಲಿ, ಪಂಚಾಂಗದ ಸಾಫ್ಟ್‌ವೇರ್ ಮಾಡುವ ಪುಟ್ಟ ಕಂಪನಿಯೊಂದಿತ್ತು. ಊರು, ವರ್ಷ, ತಿಥಿ ಕೊಟ್ಟರೆ ಇಂಥ ತಾರೀಕು ಎಂದು ಹೇಳುವ ಸಾಫ್ಟ್‌ವೇರ್ ಅದು. ಮುಹೂರ್ತ, ಏಕಾದಶಿ, ಶ್ರಾದ್ಧದ ದಿನ ಎಲ್ಲ ಅದರಲ್ಲಿ ಸಿಗುತ್ತಿತ್ತು. ಜನ ಸಿಡಿ ಕೊಂಡು ಹಾಕಿಕೊಳ್ಳುತ್ತಿದ್ದರು, ಹೊಸ ಆವೃತ್ತಿ ಬಂದಾಗ ನಮ್ಮ ವೆಬ್‌ಸೈಟಿನಿಂದ ಇಳಿಸಿಕೊಳ್ಳುತ್ತಿದ್ದರು. ಪ್ರತಿ ಆವೃತ್ತಿಯ ಜೊತೆಗೂ "ಹೊಸದೇನು" ಎಂಬ ಒಂದು ಪುಟ. ಅದನ್ನು ಹಿಂದಿ, ಇಂಗ್ಲಿಷ್, ಕನ್ನಡಗಳಲ್ಲಿ ಬರೆದು ಏರಿಸುವುದು ನನ್ನ ಕೆಲಸ. ಪ್ರೋಗ್ರಾಂ ಬರೆಯುವ ಹುಡುಗನಿಗೆ ತಾನು ಏನು ಬದಲಾಯಿಸಿದ್ದೇನೆಂದು ಹೇಳುವುದೆಂದರೆ ಹಲ್ಲು ಕೀಳಿಸಿಕೊಂಡಷ್ಟು ಕಷ್ಟ. ಕೇಳಿ ಕೇಳಿ ಸಾಕಾದ ದಿನ ಆ ಸಣ್ಣಪುಟ್ಟ ದೋಷಗಳೇ ನನ್ನ ಕೈ ಹಿಡಿಯುತ್ತಿದ್ದವು.

ನಮ್ಮ ಮನೆ ಅಸ್ಸಿ ಘಾಟಿನ ಹತ್ತಿರದ ಗಲ್ಲಿಯಲ್ಲಿ. ದಕ್ಷಿಣದಿಂದ ಬರುವ ಯಾತ್ರಿಕರಿಗೆ ಅಪ್ಪ ಪುರೋಹಿತರು. ಮೇಲಿನ ಎರಡು ಕೋಣೆ ಯಾವಾಗಲೂ ಯಾತ್ರಿಕರಿಗೇ ಮೀಸಲು. ನಾನು ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ ಆದ್ದರಿಂದ ನನ್ನ ಕನ್ನಡ ಅರ್ಧ ಅಪ್ಪನ ಸಂಕಲ್ಪದಿಂದ, ಅರ್ಧ ಅಮ್ಮನ ಬೈಗುಳದಿಂದ ಬಂದದ್ದು. ಆಫೀಸಿನಲ್ಲಿ ಅದೂ ಗೊತ್ತಿದ್ದವಳು ನಾನೊಬ್ಬಳೇ. ಆಗಿನ್ನೂ ಕನ್ನಡ ಎಲ್ಲ ಕಂಪ್ಯೂಟರುಗಳಲ್ಲಿ ನೆಟ್ಟಗೆ ಮೂಡುತ್ತಿರಲಿಲ್ಲ. ಒತ್ತಕ್ಷರ ಒಂದು ಕಡೆ ಬಿದ್ದರೆ ಕೊಂಬು ಇನ್ನೊಂದು ಕಡೆ. ಹಾಗಾಗಿ ನಾನು ಕನ್ನಡದ ಪುಟವನ್ನು ಬರೆದು, ಅದನ್ನೊಂದು ಚಿತ್ರ ಮಾಡಿ ವೆಬ್‌ಸೈಟಿಗೆ ಅಂಟಿಸುತ್ತಿದ್ದೆ. ಅದರಲ್ಲಿ ಏನಿದೆ ಎಂದು ಯಾರೂ ಕೇಳುತ್ತಿರಲಿಲ್ಲ.

ಮೇ ತಿಂಗಳು. ಲೂ ಬೀಸುವ ದಿನಗಳು. ಹತ್ತು ಗಂಟೆಗೆಲ್ಲ ಬಿಸಿಗಾಳಿ ಗಲ್ಲಿಗೆ ನುಗ್ಗಿ ಜನ ಬಾಗಿಲು ಕಿಟಕಿ ಬಿಗಿದುಕೊಂಡು ಕೂರುವ ಕಾಲ. ಅಂಥದ್ದರಲ್ಲಿ ಭೋಪಾಲದಿಂದ ಇಬ್ಬರು ಹೆಂಗಸರು ಬಂದಿಳಿದರು. ಹಿರಿಯರು ಗದಗಿನ ಕಡೆಯವರು, ಅರವತ್ತು ದಾಟಿದವರು. ಗಂಡ ತೀರಿಕೊಂಡ ಮೇಲೆ ಅಣ್ಣನ ಮಗಳ ಮನೆಗೆ, ಭೋಪಾಲಕ್ಕೆ, ಹೋಗಿ ಸೇರಿದ್ದರು. ಜೊತೆಗೆ ಬಂದವಳು ಆ ಅಣ್ಣನ ಮಗಳೇ. ಮಕ್ಕಳಿಲ್ಲದ ಕಾರಣ ದರ್ಭೆ ಕೊಟ್ಟು ಪುರೋಹಿತರ ಕೈಯಿಂದಲೇ ಶ್ರಾದ್ಧ ಮಾಡಿಸಬೇಕಿತ್ತು. ಒಂದು ವರ್ಷದ್ದಾದರೂ ಕಾಶಿಯಲ್ಲಿ ಮಾಡಿಸುತ್ತೇನೆಂದು ಗಂಡನಿಗೆ ಮಾತು ಕೊಟ್ಟಿದ್ದರಂತೆ.

"ಎಲ್ಲಾರೂ ನನಗ ಕಾಕೂ ಅಂತಾರ, ನೀನೂ ಅನ್ನವಾ" ಎಂದು ಬಂದ ಗಳಿಗೆಯಲ್ಲೇ ನನಗೆ ಹೇಳಿಬಿಟ್ಟರು.

ಮರುದಿನ ಅಮ್ಮ ನಸುಕಿಗೇ ಎದ್ದು ಶ್ರಾದ್ಧದ ಅಡುಗೆಗೆ ಕೈಹಾಕಿದ್ದಳು. ವಡೆಯ ಎಣ್ಣೆ ಕಾಯುತ್ತಿತ್ತು. ನಾನು ಆಫೀಸಿಗೆ ಹೊರಟು ಒಂದು ಕಾಲಿಗೆ ಚಪ್ಪಲಿ ಹಾಕಿಕೊಂಡಿದ್ದೆ. ಅಪ್ಪ ದರ್ಭೆ ಕೈಯಲ್ಲಿ ಹಿಡಿದು, ಸಂಕಲ್ಪಕ್ಕೆ ಮೊದಲು, ಎಲ್ಲರನ್ನೂ ಕೇಳುವಂತೆಯೇ ಕೇಳಿದರು.

"ತಿಥಿ ಒಂದು ಸಲ ನಿಮ್ಮ ಬಾಯಲ್ಲೇ ಹೇಳಿಬಿಡಿ ತಾಯಿ."

"ಜ್ಯೇಷ್ಠ ಬಹುಳ ಪಂಚಮಿ ಅಲ್ರೀ ಆಚಾರ್ರ. ಕಾರಹುಣ್ಣಿವಿ ಆಗಿ ಐದನೇ ದಿನ. ಓಣ್ಯಾಗಿನ ಎತ್ತಿನ ಕೋಡಿಗೆ ಹಚ್ಚಿದ ಬಣ್ಣ ಇನ್ನೂ ಹಂಗ ಇತ್ತು."

ಅಪ್ಪ ದರ್ಭೆಯನ್ನು ತಟ್ಟೆಯಲ್ಲಿಟ್ಟರು. "ಕಾರಹುಣ್ಣಿಮೆ ಇನ್ನೂ ಬಂದೇ ಇಲ್ಲವಲ್ಲ. ಈಗ ನಡೀತಿರೋದು ವೈಶಾಖ ಬಹುಳ. ನಿಮ್ಮ ದಿನ ಬರೋ ತಿಂಗಳು."

ಕಾಕೂ ಅಣ್ಣನ ಮಗಳ ಮುಖ ನೋಡಿದರು. ಆಕೆ ಕೈಚೀಲದಿಂದ ಒಂದು ಹಾಳೆ ತೆಗೆದಳು. ಕಂಪ್ಯೂಟರಿನಿಂದ ಅಚ್ಚು ಹಾಕಿದ್ದು. ಕೆಳಗೆ ನಮ್ಮ ಕಂಪನಿಯ ಗುರುತು.

"ನಾ ಕೇಳಿದ್ದೆರೀ, ಹುಣ್ಣಿವಿ ಹೋತೇನ ಅಂತ" ಎಂದರು ಕಾಕೂ. "ಭೋಪಾಲದಾಗ ಎತ್ತು ಎಲ್ಲಿ ಕಾಣತಾವ. ಇಕಿ ಕಂಪ್ಯೂಟರ್ ತೋರಿಸಿದ್ಲು. ಅದು ಹೇಳಿದ ಮ್ಯಾಲೆ ಖರೇನ ಇರಬೇಕು ಅಂದ್ಕೊಂಡೆ."

ನನಗೆ ಅಲ್ಲೇ ಎಲ್ಲ ಹೊಳೆಯಿತು. ನಮ್ಮ ಕಡೆ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ಇಲ್ಲಿಯವರಿಗೆ ಹುಣ್ಣಿಮೆಗೆ. ಶುಕ್ಲಪಕ್ಷದಲ್ಲಿ ಇಬ್ಬರಿಗೂ ಜಗಳವಿಲ್ಲ. ಬಹುಳ ಬಂತೆಂದರೆ ತಿಂಗಳ ಹೆಸರೇ ಬೇರೆ. ಇವರ ಜ್ಯೇಷ್ಠ ಬಹುಳ ನಮ್ಮದಕ್ಕಿಂತ ಒಂದು ತಿಂಗಳು ಮೊದಲೇ ಬಂದುಹೋಗುತ್ತದೆ. ಅದಕ್ಕೆಂದೇ ಸಾಫ್ಟ್‌ವೇರಿನಲ್ಲಿ "ಉತ್ತರದ ಲೆಕ್ಕ, ದಕ್ಷಿಣದ ಲೆಕ್ಕ" ಎಂದು ಆರಿಸಿಕೊಳ್ಳುವ ಜಾಗವಿತ್ತು. ಹೊಸ ಆವೃತ್ತಿಯಲ್ಲಿ ಅಲ್ಲೇನೋ ಎಡವಟ್ಟಾಗಿತ್ತು.

ಅಡುಗೆ ಆಗಿಹೋಗಿತ್ತು. ಕ್ಷೇತ್ರಕ್ಕೆ ಬಂದವರು ಯಾವ ದಿನವಾದರೂ ಮಾಡಬಹುದಾದ ತೀರ್ಥಶ್ರಾದ್ಧವನ್ನು ಅಪ್ಪ ಮಾಡಿಸಿದರು. ವರ್ಷದ ಶ್ರಾದ್ಧವನ್ನು ಬರುವ ತಿಂಗಳು ಭೋಪಾಲದಲ್ಲೇ ಮಾಡಿಸಿ ಎಂದೂ ಹೇಳಿದರು. ಕಾಕೂ ಒಪ್ಪಲಿಲ್ಲ. "ಇಲ್ಲೇ ಮಾಡಸ್ತೀನಿ ಅಂತ ಮಾತು ಕೊಟ್ಟೀನಿ. ನೀ ಹೋಗವಾ, ನಿನಗ ಸಾಲಿ ಕೆಲಸ ಅದ. ನಾ ಇಲ್ಲೇ ಇರ್ತೀನಿ." ಶಾಲಾ ಮಾಸ್ತರಿಣಿಯಾಗಿದ್ದ ಆ ಅಣ್ಣನ ಮಗಳು ಅತ್ತು ಕರೆದು ಕೊನೆಗೆ ಒಬ್ಬಳೇ ರೈಲು ಹತ್ತಿದಳು.

ಅಂದು ಬೆಳಿಗ್ಗೆ ನಾನು ಆಟೋದಲ್ಲಿ ಕಂಟೋನ್ಮೆಂಟ್ ತಲುಪುವವರೆಗೂ ಕೂತಲ್ಲಿ ಕೂರಲಾರದೆ ಒದ್ದಾಡಿದೆ. ಪಕ್ಕದವನು "ದೀದಿ, ಸೀಟ್ ಚುಚ್ಚುತ್ತಿದೆಯಾ" ಎಂದು ಕೇಳಿಯೂಬಿಟ್ಟ. ಆಫೀಸಿನಲ್ಲಿ ಪ್ರೋಗ್ರಾಂ ಹುಡುಗನ ಮುಂದೆ ಹಾಳೆ ಬಡಿದೆ. ಅವನು ಹುಡುಕಿ ನೋಡಿದ. ಹೊಸ ಆವೃತ್ತಿ ಹಾಕಿಕೊಂಡವರ ದಕ್ಷಿಣದ ಲೆಕ್ಕ ಸದ್ದಿಲ್ಲದೆ ಅಳಿಸಿಹೋಗಿ ಎಲ್ಲರಿಗೂ ಉತ್ತರದ ಲೆಕ್ಕವೇ ಬಂದು ಕೂತಿತ್ತು.

"ತಿಂಗಳು ಹುಣ್ಣಿಮೆಗಲ್ಲದೆ ಇನ್ಯಾವಾಗ ಮುಗಿಯುತ್ತೆ?" ಎಂದ, ನಿಜವಾಗಿಯೂ ಅರ್ಥವಾಗದೆ. ಅವನ ಮೇಲೆ ಸಿಟ್ಟು ಮಾಡಿಕೊಳ್ಳುವುದೂ ಕಷ್ಟವಾಗಿತ್ತು. ಊಟದ ಹೊತ್ತಿಗೆ ತಿದ್ದಿಕೊಟ್ಟ.

ಇನ್ನು "ಹೊಸದೇನು" ಪುಟ ಬರೆಯಬೇಕು. ಹಿಂದಿನ ಆವೃತ್ತಿ ಬಹುಳ ತಿಥಿಗಳಿಗೆ ತಪ್ಪು ದಿನ ತೋರಿಸಿದೆ, ಬರೆದಿಟ್ಟುಕೊಂಡ ದಿನಗಳನ್ನು ಮತ್ತೆ ನೋಡಿಕೊಳ್ಳಿ ಎಂದು ಹಿಂದಿಯಲ್ಲಿ ಬರೆದು ಸೇಠ್‌ಜಿಗೆ ತೋರಿಸಿದೆ. ಕಂಪನಿಯ ಯಜಮಾನರನ್ನು ನಾವೆಲ್ಲ ಕರೆಯುತ್ತಿದ್ದದ್ದೇ ಹಾಗೆ. ಗಂಗೆಯ ಆಚೆ ದಡದ ರಾಮನಗರದಿಂದ ಸೇತುವೆ ದಾಟಿ ದಿನವೂ ಸ್ಕೂಟರಿನಲ್ಲಿ ಬರುವವರು. ಯಾರಿಗೂ ಗಟ್ಟಿಯಾಗಿ ಬೈದವರಲ್ಲ. ಪಾನ್ ಬಾಯಲ್ಲಿಟ್ಟುಕೊಂಡೇ ಓದಿದರು.

"ಅರೇ ಬಿಟಿಯಾ, 'ಮಾಸದ ಲೆಕ್ಕದಲ್ಲಿ ಸುಧಾರಣೆ' ಅಂತ ಹಾಕು ಸಾಕು."

"ಹಾಗಂದರೆ ಯಾರಿಗೆ ಏನು ಗೊತ್ತಾಗುತ್ತೆ?"

"ಗೊತ್ತಾಗಬಾರದು ಅಂತಲೇ." ಎದ್ದು ಹೋಗಿ ಉಗಿದು ಬಂದರು. "ಹೊಸದು ಹಾಕಿಕೊಂಡವರಿಗೆ ಸರಿಯಾದ ದಿನ ಬರುತ್ತೆ. ಆಗಲೇ ಮಾಡಿ ಮುಗಿಸಿದವರು ನೆಮ್ಮದಿಯಾಗಿದ್ದಾರೆ. 'ನಿಮ್ಮ ಅಪ್ಪನ ಶ್ರಾದ್ಧ ತಪ್ಪು ದಿನ ಆಯ್ತು' ಅಂತ ಹೇಳಿ ಅವರ ನಿದ್ದೆ ಯಾಕೆ ಕೆಡಿಸ್ತೀಯಾ? ಕಂಪನಿ ಮಾತು ಬಿಡು. ನೀನೇ ಯೋಚನೆ ಮಾಡು, ಇದು ಪುಣ್ಯದ ಕೆಲಸವಾ?"

ವ್ಯಾಪಾರದ ಮಾತಾಡಿದ್ದರೆ ಜಗಳಕ್ಕೆ ನಿಲ್ಲುತ್ತಿದ್ದೆ. ಪುಣ್ಯದ ಮಾತಾಡಿದ್ದೇ ನನಗೆ ಹೆಚ್ಚು ಉರಿ ತಂದದ್ದು. ಹಿಂದಿಯಲ್ಲಿ, ಇಂಗ್ಲಿಷಿನಲ್ಲಿ ಅವರು ಹೇಳಿದ ಸುಧಾರಣೆಯನ್ನು ಹಾಕಿದೆ. ಕನ್ನಡದ ಜಾಗ ಖಾಲಿ ಬಿಟ್ಟು ಮನೆಗೆ ಬಂದೆ.

"ಹಾಕಿದೇನವಾ?" ಬಾಗಿಲಲ್ಲೇ ಕಾಕೂ. ತಪ್ಪಾಗಿದೆಯೆಂದು ಎಲ್ಲರಿಗೂ ತಿಳಿಯುವಂತೆ ಹಾಕುತ್ತೇನೆಂದು ಬೆಳಿಗ್ಗೆ ಹೊರಡುವಾಗ ಆಕೆಗೆ ಹೇಳಿದ್ದೆ.

"ಇನ್ನೂ ಇಲ್ಲ."

"ಯಾಕ, ಕರೆಂಟ್ ಹೋಗಿತ್ತೇನು?"

ಅಂದಿನಿಂದ ದಿನವೂ ಇದೇ ಪ್ರಶ್ನೆ. ನಾನು ಆಫೀಸಿನ ಮೆಟ್ಟಿಲಿಳಿಯುವಾಗಲೇ ಅದು ಕಿವಿಯಲ್ಲಿ ಶುರುವಾಗುತ್ತಿತ್ತು. ತನ್ನ ಹಾಗೆ ಇನ್ನೊಬ್ಬಾಕೆ ತಪ್ಪು ದಿನ ಹಿಡಿದುಕೊಂಡು ಬರಬಾರದು ಎನ್ನುವುದಷ್ಟೇ ಆಕೆಯ ಕಳಕಳಿ. ಅದರಲ್ಲಿ ಬೈಗುಳವಿಲ್ಲ, ದೂರಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹಗಲೆಲ್ಲ ಅಮ್ಮನ ಜೊತೆ ಸಾರಿನ ಖಾರಕ್ಕೆ ಜಗಳ ಕಾಯುತ್ತ, ಶೇಂಗಾ ಚಟ್ನಿ ಕುಟ್ಟುತ್ತ, ತರಕಾರಿ ಮಾರುವ ಸಬ್ಜಿಯವನ ಹತ್ತಿರ ಗದಗಿನ ಕನ್ನಡದಲ್ಲೇ ಚೌಕಾಸಿ ಮಾಡುತ್ತ ಇರುವರು. ಆ ಸಬ್ಜಿಯವನು ಭೋಜಪುರಿಯಲ್ಲಿ ಉತ್ತರ ಕೊಡುವನು. ಇಬ್ಬರ ವ್ಯವಹಾರವೂ ಹೇಗೋ ಕುದುರುತ್ತಿತ್ತು. ಸಂಜೆಯಾದರೆ ಮಾತ್ರ ಬಾಗಿಲಿಗೆ ಬಂದು ನಿಲ್ಲುವರು.

ನಾನು ಮನೆಗೆ ಬರುವುದನ್ನೇ ತಡ ಮಾಡತೊಡಗಿದೆ. ಅಸ್ಸಿಯಲ್ಲಿ ಇಳಿದು, ಬೇಡದಿದ್ದರೂ ಚಾ ಕುಡಿದು, ಘಾಟಿನ ಮೆಟ್ಟಿಲಿಳಿದು ಹತ್ತುವೆ. ಅಲ್ಲಿ ಹರಟುವ ವಿದ್ಯಾರ್ಥಿಗಳ ನಡುವೆ ಕೂತರೂ ಕೂತಂತಿಲ್ಲ, ಎದ್ದರೂ ಎದ್ದಂತಿಲ್ಲ. ಯಾರದೋ ಮನೆಯ ಗೋಡೆಗೆ ತಪ್ಪು ತಾರೀಕು ಅಂಟಿಸಿಟ್ಟಿದ್ದಾರೆ, ಆ ದಿನ ಹತ್ತಿರ ಬರುತ್ತಿದೆ ಎಂಬ ಯೋಚನೆ ತಲೆ ತಿನ್ನುತ್ತಿತ್ತು. ಅದರ ಬೆನ್ನಿಗೇ ಸೇಠ್‌ಜಿಯ ಮಾತು. ನೆಮ್ಮದಿಯಾಗಿರುವವರನ್ನು ಎಬ್ಬಿಸಲು ನಾನ್ಯಾರು?

ಅಪ್ಪನನ್ನು ಕೇಳಿದೆ. ಅಪ್ಪ ಬೀಸಣಿಗೆ ಬೀಸುತ್ತ, "ನಾನಾದರೆ ಎದುರಿಗೆ ಕೂತವರಿಗೆ ಹೇಳ್ತೀನಿ. ಕಾಣದವರಿಗೆ ಹೇಗೆ ಹೇಳಬೇಕು ಅಂತ ನನಗೆ ಗೊತ್ತಿಲ್ಲ ಮಗಳೇ" ಎಂದರು. ಅಪ್ಪನಿಗೂ ಗೊತ್ತಿಲ್ಲದ್ದು ಇದೆಯೆಂದು ತಿಳಿದು ನನ್ನ ತಳಮಳ ಇನ್ನಷ್ಟು ಹೆಚ್ಚಿತು.

ಕೊನೆಗೆ ಒಂದು ಸಂಜೆ, "ಹಾಕಿದೇನವಾ" ಎಂದು ಕಾಕೂ ಬಾಯಿ ತೆರೆಯುವ ಮೊದಲೇ ನಾನು ಸಿಡಿದೆ. "ಅಲ್ಲ ಕಾಕೂ, ನಿಮಗೆ ಗೊತ್ತೇ ಆಗದಿದ್ದರೆ? ಅಪ್ಪ ಕೇಳದೆ ಸುಮ್ಮನೆ ಮಾಡಿಸಿ ಕಳಿಸಿದ್ದರೆ? ನೀವು ಭೋಪಾಲದಲ್ಲಿ ಹಾಯಾಗಿ ಇರ್ತಿದ್ದಿರಿ. ಈ ಬಿಸಿಲಲ್ಲಿ ಇಲ್ಲಿ ಬೇಯ್ತಿರಲಿಲ್ಲ. ಗೊತ್ತಾಗಿ ಏನು ಸುಖ ಬಂತು ನಿಮಗೆ?"

ಅಮ್ಮ ಒಳಗಿನಿಂದ ಗದರಿದಳು. ಕಾಕೂ ಸೆರಗಿನಿಂದ ಕುತ್ತಿಗೆ ಒರೆಸಿಕೊಂಡು ಹೊಸ್ತಿಲ ಮೇಲೆ ಕೂತರು.

"ಖರೆ ಅದವಾ. ನಾ ಆರಾಮ ಇರ್ತಿದ್ದೆ" ಎಂದರು. "ಆದ್ರ ನಮ್ಮ ಮನಿಯವರು ತಮ್ಮ ದಿನಕ್ಕ ಬರತಿದ್ರಲ್ಲ. ಬಂದು ಬಾಗಲದಾಗ ನಿಂತಿರ್ತಿದ್ರು. ನಾ ಒಳಗ ಮಲ್ಕೊಂಡಿರ್ತಿದ್ದೆ."

ನಾನು ಹೆಗಲಿನ ಚೀಲ ಇಳಿಸಿ ಅವರ ಪಕ್ಕದಲ್ಲಿ ಕೂತೆ. ಶ್ರಾದ್ಧವೆಂದರೆ ಮಾಡುವವರ ನೆಮ್ಮದಿಗೆ ಎಂದು ನಾನೂ ಸೇಠ್‌ಜಿಯೂ ಲೆಕ್ಕ ಹಾಕಿದ್ದೆವು. ಬರುವವರೊಬ್ಬರು ಇದ್ದಾರೆಂಬುದು ಪುರೋಹಿತರ ಮನೆಯಲ್ಲಿ ಬೆಳೆದ ನನಗೂ ತೋಚಿರಲಿಲ್ಲ.

ಮರುದಿನ ಆಫೀಸಿನಲ್ಲಿ ಕನ್ನಡದ ಪುಟ ಬರೆದೆ. "ಹಿಂದಿನ ಆವೃತ್ತಿ ಹಾಕಿಕೊಂಡವರ ಗಮನಕ್ಕೆ. ಬಹುಳ ಪಕ್ಷದ ತಿಥಿಗಳಿಗೆ ಅದು ಒಂದು ತಿಂಗಳು ಮುಂಚಿನ ದಿನ ತೋರಿಸಿದೆ. ತಪ್ಪು ನಮ್ಮದು. ಗುರುತು ಮಾಡಿಟ್ಟುಕೊಂಡ ದಿನಗಳನ್ನು ದಯವಿಟ್ಟು ಮತ್ತೆ ನೋಡಿ. ಶ್ರಾದ್ಧ ಆಗಲೇ ಮಾಡಿದ್ದರೆ ಅದು ವ್ಯರ್ಥವಲ್ಲ. ಸರಿಯಾದ ತಿಥಿಯಂದು ಇನ್ನೊಮ್ಮೆ ಮಾಡಿ." ಕೊನೆಯ ವಾಕ್ಯ ಅಪ್ಪನದು, ಬೆಳಿಗ್ಗೆ ಸಂಧ್ಯಾವಂದನೆ ಮುಗಿಸಿ ಹೇಳಿಕೊಟ್ಟದ್ದು. ಆಫೀಸಿಗೆ ಫೋನ್ ಮಾಡಿದರೆ ಕನ್ನಡದಲ್ಲಿ ಉತ್ತರ ಹೇಳುವವರಿಲ್ಲವೆಂದು ಕೆಳಗೆ ನಮ್ಮ ಮನೆಯ ಫೋನ್ ನಂಬರು ಹಾಕಿದೆ. ಚಿತ್ರ ಮಾಡಿ ಏರಿಸುವಾಗ ಎರಡು ಸಲ ಲೈನ್ ಕಡಿದುಹೋಯಿತು, ಒಂದು ಸಲ ಕರೆಂಟ್ ಹೋಯಿತು. ಇಡೀ ಬನಾರಸ್ ನನ್ನ ವಿರುದ್ಧ ನಿಂತಿದೆ ಅನ್ನಿಸಿತು. ಮಧ್ಯಾಹ್ನದ ಹೊತ್ತಿಗೆ ಪುಟ ಏರಿತು.

ಫೋನುಗಳು ಶುರುವಾದವು. ದಿನಕ್ಕೊಂದೋ ಎರಡೋ. ಅಮ್ಮ ಎತ್ತಿದರೆ ಮೊದಲು ಊರು ಯಾವುದು, ಮಳೆ ಬಂತೇ ಎಂದು ವಿಚಾರಿಸಿ ಆಮೇಲೆ ಅಪ್ಪನಿಗೆ ಕೊಡುವಳು. ಕೆಲವರು ಬೈದರು. ಒಬ್ಬರು ಅತ್ತರು. ಅವರ ಅಳು ಕೇಳಿದ ದಿನ ಸೇಠ್‌ಜಿ ಹೇಳಿದ್ದೇ ಸರಿಯೇನೋ ಎಂದು ಮತ್ತೆ ಅಸ್ಸಿಯ ಮೆಟ್ಟಿಲುಗಳನ್ನು ಹತ್ತಿ ಇಳಿದೆ. ಯಾರೋ ಒಬ್ಬರು ಆಫೀಸಿಗೂ ಫೋನ್ ಹಚ್ಚಿ ತಮಗೆ ಬಂದ ಹರಕು ಹಿಂದಿಯಲ್ಲಿ ಥ್ಯಾಂಕ್ಸ್ ಹೇಳಿದರು. ಹಾಗೆ ಸೇಠ್‌ಜಿಗೆ ಗೊತ್ತಾಯಿತು.

ನನ್ನನ್ನು ಕರೆದು ಪರದೆಯ ಮೇಲಿನ ಚಿತ್ರ ತೋರಿಸಿದರು. "ಹಿಂದಿಯಲ್ಲಿ ಓದು."

ಒಂದಕ್ಷರ ಬಿಡದೆ ಓದಿದೆ. "ತಪ್ಪು ನಮ್ಮದು" ಎಂಬುದನ್ನೂ ನುಂಗಲಿಲ್ಲ.

"ನನ್ನ ಅಂಗಡಿಯಲ್ಲೇ ಕೂತು, ನನಗೆ ಗೊತ್ತಿಲ್ಲದ ಭಾಷೆಯಲ್ಲಿ ನನ್ನನ್ನೇ ಕಳ್ಳನ್ನ ಮಾಡಿದೆ" ಎಂದರು. ಗಟ್ಟಿಯಾಗಿ ಅಲ್ಲ.

ಕಾಕೂ ನಮ್ಮ ಮನೆಯಲ್ಲಿ ಯಾಕೆ ಕಾಯುತ್ತಿದ್ದಾರೆಂದು ತಿಳಿಸಿ, ಅವರು ಹೇಳಿದ ಮಾತನ್ನು ನಾನು ಹಿಂದಿಯಲ್ಲಿ ಹೇಳಿದೆ. ತೀರಿಕೊಂಡ ಗಂಡ ತಮ್ಮ ದಿನಕ್ಕೆ ಬಂದು ಬಾಗಿಲಲ್ಲಿ ನಿಂತಿರುತ್ತಿದ್ದರು ಎಂಬುದನ್ನು. ಸೇಠ್‌ಜಿ ಪಾನ್ ಅಗಿಯುವುದನ್ನು ನಿಲ್ಲಿಸಿದರು. ಮೇಜಿನ ಮೇಲಿದ್ದ ಹಾಳೆಗಳನ್ನು ಸುಮ್ಮನೆ ಜೋಡಿಸಿದರು. "ಆ ಮಾತಾಜಿಯ ತಿಥಿ ಕಳೆಯೋವರೆಗೂ ಇರಲಿ. ಆಮೇಲೆ ಇದು ನನ್ನ ಕಣ್ಣಿಗೆ ಬೀಳಬಾರದು" ಎಂದರು. ಮುಂದೆ ನಾನು ಅಲ್ಲಿದ್ದಷ್ಟು ಕಾಲವೂ ಕನ್ನಡದ ಪ್ರತಿ ಪುಟವನ್ನೂ ಅವರಿಗೆ ಹಿಂದಿಯಲ್ಲಿ ಓದಿ ಹೇಳಿದ ಮೇಲೆಯೇ ಏರಿಸಬೇಕಾಯಿತು. ಸಣ್ಣಪುಟ್ಟ ದೋಷಗಳು ಎಂದು ಓದಿದಾಗಲೆಲ್ಲ, "ಯಾವುವು?" ಎಂದು ಅವರೇ ಕೇಳತೊಡಗಿದ್ದು ಮಾತ್ರ ತಮಾಷೆ.

ಕಾರಹುಣ್ಣಿಮೆ ಬಂತು. ಇಲ್ಲಿ ಅದಕ್ಕೆ ಎತ್ತೂ ಇಲ್ಲ, ಬಣ್ಣವೂ ಇಲ್ಲ. ಕಾಕೂ ಗಲ್ಲಿಯಲ್ಲಿ ದಾರಿಗಡ್ಡ ಮಲಗುವ ಗೂಳಿಗೆ ಹೋಳಿಗೆ ತಿನ್ನಿಸಿ, ಹಣೆಗೆ ಕುಂಕುಮ ಹಚ್ಚಿ ಬಂದರು. ಅದಾಗಿ ಐದನೇ ದಿನ, ಪಂಚಮಿಯಂದು, ನಾನು ರಜೆ ಹಾಕಿ ಮನೆಯಲ್ಲುಳಿದೆ. ದಿನ ಸರಿಯಿದೆಯೇ ಎಂದು ಅಪ್ಪನ ಪಂಚಾಂಗವನ್ನು ಗಳಿಗೆಗೊಮ್ಮೆ ತೆರೆದು ನೋಡುತ್ತಿದ್ದೆ. ಅಪ್ಪ ಅದನ್ನು ಕಿತ್ತುಕೊಂಡು ಮೇಲಿನ ಗೂಡಿನಲ್ಲಿಟ್ಟರು.

ಕಾಕೂ ಹೊಸ್ತಿಲು ಸಾರಿಸಿ ಬೀದಿ ಬಾಗಿಲನ್ನು ಪೂರ್ತಿ ತೆರೆದಿಟ್ಟಿದ್ದರು. ಹೊತ್ತೇರಿದಂತೆ ಲೂ ನೇರ ಒಳಗೆ ನುಗ್ಗಿತು. ಪಡಸಾಲೆಯ ತುಂಬ ಧೂಳು.

"ಬಾಗಿಲು ಹಾಕಿ, ಒಲೆ ಆರಿಹೋಗುತ್ತೆ!" ಅಮ್ಮ ಅಡುಗೆಮನೆಯಿಂದ ಕೂಗಿದಳು.

"ಒಲಿಗೆ ಏನರ ಅಡ್ಡ ಇಡರಿ. ಬಾಗಲಾ ತೆಗದೇ ಇರ್ಲಿ" ಎಂದರು ಕಾಕೂ. ಅಮ್ಮ ಅಂದು ವಾದಿಸಲಿಲ್ಲ.

ಆಗ ಫೋನ್ ಹೊಡೆದುಕೊಂಡಿತು. ಗಂಡಸಿನ ದನಿ. ದಾವಣಗೆರೆಯಿಂದ.

"ಇಂಟರ್‌ನೆಟ್ನಾಗೆ ನಿಮ್ ನಂಬರ್ ನೋಡಿದೆ ಮೇಡಂ, ಈಗ್ಲೇ ನೋಡಿದ್ದು. ನಮ್ ತಾಯೀದು ಜ್ಯೇಷ್ಠ ಬಹುಳ ಪಂಚಮಿ. ಹೋದ ತಿಂಗ್ಳೇ ಮಾಡಿ ಮುಗಿಸಿಬಿಟ್ವಲ್ಲ. ಸರಿಯಾದ್ದು ಯಾವತ್ತು ಹಂಗಾರೆ?"

"ಇವತ್ತು" ಎಂದೆ.

"ಇವತ್ತಾ?"

"ಇವತ್ತೇ. ಇನ್ನೂ ಹೊತ್ತಿದೆ."

ಆ ಕಡೆ ಏನೋ ಬಿದ್ದ ಸದ್ದಾಯಿತು. "ಏ, ಒಲೆ ಹಚ್ಚೇ! ಅಮ್ಮಂದು ಇವತ್ತಂತೆ!" ಎಂದು ಆತ ಕೂಗಿದ್ದು ಕೇಳಿಸಿತು. ನನಗೆ ಹೇಳುವುದನ್ನೂ ಮರೆತು ಫೋನ್ ಇಟ್ಟ.

ನಾನು ಅಲ್ಲೇ ನಿಂತಿದ್ದೆ. ಅಪ್ಪ ದರ್ಭೆ ತೆಗೆದುಕೊಂಡು ಕರೆಯುತ್ತಿದ್ದರು. ಕಾಕೂ ಒದ್ದೆ ಕೈ ಒರೆಸಿಕೊಳ್ಳುತ್ತ ನನ್ನ ಹತ್ತಿರ ಬಂದರು.

"ಯಾರವಾ?"

"ಯಾರೋ ಕಾಕೂ, ದಾವಣಗೆರೆಯವರು. ಅವರ ತಾಯಿದೂ ಇವತ್ತೇ ಅಂತೆ. ಈಗ ಒಲೆ ಹಚ್ತಿದ್ದಾರೆ."

ಕಾಕೂ ಬೀದಿಯ ಕಡೆ ನೋಡಿದರು.

"ಬಾಗಲಾ ತೆಗದಿಡ್ರಿ ಅಂತ ಹೇಳಬೇಕಿತ್ತವಾ ಅವರಿಗೆ" ಎಂದರು.